ತಳದ ಹುಗ್ಗಿ

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ದೇವರಿಗಿಂತ ಕಲ್ಲಪ್ಪನ ಗೋಧಿ ಹುಗ್ಗಿಗೇ ಭಕ್ತರು ಹೆಚ್ಚು ಎಂದು ಊರವರು ಆಡಿಕೊಳ್ಳುತ್ತಿದ್ದರು.

ಕಲ್ಲಪ್ಪ ಗುರುಗಳ ಹಳೆಯ ಶಿಷ್ಯ, ಆಶ್ರಮದ ಅಡುಗೆಯವ. ಆ ಹುಗ್ಗಿಯ ಮೊದಲ ಭಕ್ತನೂ ಅವನೇ. ದೇವರಿಗೆ ಎಡೆ ಹಿಡಿದ ಮೇಲೆ ಬೇರೆಯವರು ಪಂಕ್ತಿಗೆ ಬಡಿಸಲು ಹೋಗುತ್ತಿದ್ದರು. ಕಲ್ಲಪ್ಪ ಮಾತ್ರ ಒಳಗೇ ಕೂತು ಕೊಪ್ಪರಿಗೆಯ ತಳ ಕೆರೆಯುತ್ತಿದ್ದ. ತುಸು ಸೀದು, ಬೆಲ್ಲ ಗಟ್ಟಿಯಾಗಿ ಹಿಡಿದ ಆ ತಳದ ಹುಗ್ಗಿಗಾಗಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದ.

ಹಾಗಿರುವಾಗ ಅವನಿಗೆ ವಿಪರೀತ ಬಾಯಾರಿಕೆ, ಸುಸ್ತು ಶುರುವಾಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಕೊಟ್ಟರು, ದಿನಾ ನಡೆಯಲು ಹೇಳಿದರು, ಬೆಲ್ಲ ಬಿಡು ಎಂದರು.

ಕಲ್ಲಪ್ಪ ಬಂದವನೇ ಬೆಲ್ಲವನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ. ಮರುದಿನ ಎಲ್ಲರ ಎಲೆಗೂ ಬೇಯಿಸಿದ ಹಾಗಲಕಾಯಿ ಬಿತ್ತು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂದು ಶಿಷ್ಯರು ಗೊಣಗಿದರು. ದೇವರ ಎಡೆಗೂ ಹಾಗಲಕಾಯಿಯೇ.

ಗುರುಗಳು ಎಡೆಯನ್ನು ನೋಡಿದರು.

"ಕಲ್ಲಪ್ಪಾ, ದೇವರ ರಕ್ತಾನೂ ಪರೀಕ್ಷಾ ಮಾಡ್ಸಿಯೇನೋ?"

ಎಲ್ಲರೂ ನಕ್ಕರು. ಕಲ್ಲಪ್ಪನಿಗೆ ಅಳು ಬಂತು. ಸೌಟನ್ನು ತಂದು ಗುರುಗಳ ಪಾದದ ಬಳಿ ಇಟ್ಟ.

"ಅಜ್ಜಾರ, ಇದನ್ನ ಬ್ಯಾರೆಯವರಿಗೆ ಕೊಡ್ರಿ. ಬೆಲ್ಲ ಕಂಡ್ರ ಬಾಯಿ ನನ್ನ ಮಾತು ಕೇಳೂದಿಲ್ಲ. ತಿನ್ನಲಾರದವ ಏನ್ ಅಡಗಿ ಮಾಡ್ಯಾನು?"

"ಆತು, ನಾಳೆ ತಗೋತೀನಿ," ಎಂದರು ಗುರುಗಳು. "ಇವತ್ತ ಸೋಮವಾರ. ಸಂಜಿ ಎಡಿಗೆ ಕಡೀ ಸಲ ಹುಗ್ಗಿ ಮಾಡಿಬಿಡು."

ಕಡೀ ಸಲ ಎಂಬ ಮಾತು ಕಲ್ಲಪ್ಪನ ಎದೆಗೆ ನಾಟಿತು. ಅಡುಗೆಮನೆ ಬಿಟ್ಟರೆ ಅವನಿಗೆ ಬೇರೆ ಲೋಕವೇ ಗೊತ್ತಿರಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದ.

ಗುರುಗಳು ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂತರು.

ಗೋಧಿ ಬೆಂದಿತು. ಬೆಲ್ಲ ಬಿತ್ತು. ಕಲ್ಲಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟ.

"ಬೆಲ್ಲ ಸಾಕಾತೇನು?"

"ಇನ್ನೊಂದು ಚೂರು ಬೇಕ್ರಿ."

"ರುಚಿ ನೋಡಿ ಹೇಳು."

ಕಲ್ಲಪ್ಪ ಹೌಹಾರಿದ. "ಶಿವಶಿವಾ! ಎಡಿ ಹಿಡಿಯೂ ಮೊದಲ ರುಚಿ ನೋಡೂದೇನ್ರಿ? ಎಂಜಲ ಆಗೂದಿಲ್ಲೇನು? ಇದು ಮೀಸಲ ಹುಗ್ಗಿ!"

"ಹಂಗಾದ್ರ ಇಷ್ಟ ವರ್ಷ ಹೆಂಗ ಗೊತ್ತಾಗ್ತಿತ್ತು?"

"ವಾಸನಿ ಬರ್ತದಲ್ರಿ. ಕುದಿಯೂ ಸಪ್ಪಳ ಬದಲಾಗ್ತದ. ಸೌಟು ಭಾರ ಆಗ್ತದ. ಇದಕ್ಕ ಬಾಯಿ ಯಾಕ ಬೇಕ್ರಿ?"

ಅಂದವನಿಗೆ ತನ್ನ ಮಾತು ತನಗೇ ಕೇಳಿಸಿತು. ಸೌಟು ಹಿಡಿದು ಹಾಗೇ ನಿಂತ.

"ತಿರುವೋ, ತಳ ಹಿಡೀತದ," ಎಂದರು ಗುರುಗಳು.

ಎಡೆಯಾಯಿತು. ಕಲ್ಲಪ್ಪನ ಕಣ್ಣು ಅಭ್ಯಾಸಬಲದಿಂದ ಕೊಪ್ಪರಿಗೆಯ ತಳಕ್ಕೆ ಹೋಯಿತು. ಗುರುಗಳು ಹುಗ್ಗಿಯ ಬಕೆಟ್ಟನ್ನು ಅವನ ಕೈಗೆ ಕೊಟ್ಟರು.

"ಡಾಕ್ಟರು ನಡೀ ಅಂದಾರಲ್ಲ? ಪಂಕ್ತಿಯೊಳಗ ನಡಿ."

ಕಲ್ಲಪ್ಪ ಹೊರಗೆ ಬಂದ. ತನ್ನ ಹುಗ್ಗಿ ಉಣ್ಣುವವರ ಮುಖವನ್ನು ಅವನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಒಬ್ಬ ಮುದುಕಿ ಮೊದಲ ತುತ್ತಿಗೇ ಕಣ್ಣು ಮುಚ್ಚಿದಳು. ಒಬ್ಬ ಮುದುಕ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದ. ಬೆರಳ ನಡುವೆ ಮಾತ್ರ ಸಾಕಷ್ಟು ಜಾಗ ಬಿಟ್ಟಿದ್ದ. ಕಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ. ಮುದುಕನ ಎಲೆಗೆ ಇನ್ನೊಂದು ಸೌಟು ಹೆಚ್ಚೇ ಬಿತ್ತು.

ಪಂಕ್ತಿ ಮುಗಿಯುವ ಹೊತ್ತಿಗೆ ಬೆವರು ಇಳಿಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಒಳಗೆ ಅವನಿಗಾಗಿ ಜೋಳದ ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ ಕಾದಿದ್ದವು. ಗುಳಿಗೆ ನುಂಗಿ, ಗಬಗಬ ತಿಂದ. ರೊಟ್ಟಿಗೆ ಇಷ್ಟು ರುಚಿ ಇದೆಯೆಂಬುದು ಅವನಿಗೆ ಮರೆತೇಹೋಗಿತ್ತು.

ಕೈ ತೊಳೆದು, ಸೌಟು ಎತ್ತಿಕೊಂಡು ಕೊಪ್ಪರಿಗೆಯ ಕಡೆ ತಿರುಗಿದ. ಗುರುಗಳು ಅದರ ಪಕ್ಕದಲ್ಲೇ ಕೂತಿದ್ದರು. ಗಡ್ಡಕ್ಕೆಲ್ಲ ಬೆಲ್ಲ ಅಂಟಿತ್ತು. ಕೊಪ್ಪರಿಗೆಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಕಲ್ಲಪ್ಪ ಸೌಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಅಜ್ಜಾರ, ನಾಳೆ ಸೌಟು ಯಾರಿಗೆ ಕೊಡ್ತೀರಿ?"

ಗುರುಗಳು ಬೆರಳು ಚೀಪುತ್ತ ಹೇಳಿದರು:

"ನನ್ನ ಕೈಗೆ ಸಿಕ್ಕ ಕೊಪ್ಪರಿಗಿ ಏನಾಗೇತಿ, ನೀನ ನೋಡು. ಬಾಯಿ ಕಟ್ಟಿದವನ ಕೈಯಾಗ ಸೌಟಿದ್ರ ಊರು ಉಣ್ಣತೈತಿ."