ಬೋಕಿ ದಿಣ್ಣೆಯಲ್ಲಿ ಬಸ್ಸು ನಿಂತದ್ದು

ಬೇವಿನಕೋಟೆಯಿಂದ ಮುದ್ದಾಪುರಕ್ಕೆ ಹೋಗುವ ಬಸ್ಸು ಕೆಂಗುಂಟೆಯೆಂಬ ಕುಂಬಾರರ ಹಳ್ಳಿಯ ಬಳಿ ಒಂದು ಉದ್ದನೆಯ ಏರು ಹತ್ತುತ್ತದೆ. ಎರಡೂ ಬದಿಗೆ ಕೆಂಪು ನೆಲ, ಕುರುಚಲು ಗಿಡ, ನಡುನಡುವೆ ತಲೆಯೆತ್ತಿದ ಬಂಡೆ. ಏರಿನ ತುದಿಯಲ್ಲಿ ಸರ್ಕಾರದವರು ಕಟ್ಟಿಸಿದ ತಂಗುದಾಣವಿದೆ. ಅದರ ಹಣೆಯ ಮೇಲೆ ಯಾರೋ ಹಳೆಯ ಶಾಸಕರ ಹೆಸರಿದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿದವರನ್ನು ಕಂಡವರಿಲ್ಲ. ಕಂಡಕ್ಟರು ಕೂಗುವುದು "ಯಾರ್ರೀ ಬೋಕಿ ದಿಣ್ಣೆ, ಇಳೀರಿ" ಎಂದೇ. ಬೋಕಿಯೆಂದರೆ ಒಡೆದ ಮಡಕೆಯ ಚೂರಲ್ಲವೇ, ಊರ ನಿಲ್ದಾಣಕ್ಕೆ ಅದೇಕೆ ಇಂಥ ದರಿದ್ರ ಹೆಸರು ಎಂದು ಹೊಸಬರು ಕೇಳಿದರೆ ಕೆಂಗುಂಟೆಯ ಹಿರಿಯರ ಮುಖ ಈಗಲೂ ಬಿಗಿಯುತ್ತದೆ. ದಾರಿದ್ರ್ಯ ಹೆಸರಿನದಲ್ಲ, ಹಾಗೆ ಹೆಸರಾಗುವಂತೆ ಮಾಡಿದವರದು ಎಂದು ಹೇಳಿಯೇ ಅವರು ಕತೆಗೆ ತೊಡಗುತ್ತಾರೆ.

ಹಿಂದೆ ಒಮ್ಮೆ, ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವಂತೆ. ಮುದ್ದಾಪುರದ ಮರುಳಪ್ಪ ಸಾಹುಕಾರರು ಈ ದಾರಿಯಲ್ಲಿ ಅಂಥದೊಂದು ಬಸ್ಸು ಬಿಟ್ಟಿದ್ದರು. ಹಿಂಬದಿಗೆ ಒಲೆಯಂಥ ಡ್ರಮ್ಮು ಕಟ್ಟಿಕೊಂಡ ಆ ಬಸ್ಸು ಸಮತಟ್ಟಿನಲ್ಲಿ ಹೇಗೋ ಉರುಳುತ್ತಿತ್ತು, ಏರಿನ ಬುಡಕ್ಕೆ ಬಂದರೆ ಉಬ್ಬಸದ ಮುದುಕನಂತೆ ಕೆಮ್ಮಿ ನಿಂತುಬಿಡುತ್ತಿತ್ತು. ಒಳಗೆ ಕುಳಿತ ದೊಡ್ಡವರು ಇಳಿಯುತ್ತಿರಲಿಲ್ಲ. ಡ್ರೈವರು ಹಾರ್ನು ಒತ್ತಿದರೆ ಕೆಂಗುಂಟೆಯವರು ತಿಗರಿ ಬಿಟ್ಟು, ಮಣ್ಣಿನ ಕೈಯಲ್ಲೇ ಓಡಿಬಂದು ಬಸ್ಸನ್ನು ತುದಿಯವರೆಗೆ ನೂಕಬೇಕಿತ್ತು. "ಇದು ನಿಮ್ಮದೇ ಮೋಟಾರು ಅಂತ ತಿಳ್ಕೊಳ್ಳಿ. ನಿಮ್ಮ ಮಡಕೆ, ನಿಮ್ಮ ಹೆಂಡ್ರು ಮಕ್ಳು ಸಂತೆಗೆ ಇದರಲ್ಲೇ ಬರಲಿ" ಎಂದು ಸಾಹುಕಾರರು ಊರ ಮುಂದೆ ನಿಂತು ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿ ಮೊದಲು ಹೆಗಲು ಕೊಟ್ಟವನು ಕೆಂಚಯ್ಯ. ಅವನ ಹೆಂಡತಿ ಪಾಲಕ್ಕನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಪಕ್ಕದಲ್ಲೇ ನಿಂತು ನೂಕುತ್ತಿದ್ದಳು ಎನ್ನುತ್ತಾರೆ.

ಒಂದು ಮಳೆಗಾಲದಲ್ಲಿ ಕೆಸರಿಗೆ ಚಕ್ರ ಜಾರಿ ಬಸ್ಸು ಹಿಂದಕ್ಕೆ ಬಂತು. ಎಲ್ಲರೂ ಪಕ್ಕಕ್ಕೆ ಹಾರಿದರು; ಕೆಂಚಯ್ಯನ ಬಲಗಾಲು ಸಿಕ್ಕಿಕೊಂಡಿತು. ಮೂಳೆ ಕೂಡಿತಾದರೂ ಮೊಣಕಾಲ ಕೆಳಗಿನ ಗಾಯ ಮಾಯಲಿಲ್ಲ. ಮುದ್ದಾಪುರದ ಆಸ್ಪತ್ರೆಗೆ ವಾರವಾರ ಕರೆದೊಯ್ದು ಕಟ್ಟು ಬದಲಿಸಬೇಕಿತ್ತು. ಸಾಹುಕಾರರು ಕೆಲಕಾಲ ಅವನನ್ನು ತಮ್ಮ ಬಸ್ಸಿನಲ್ಲಿ ಕರೆದೊಯ್ಯುವ ಉಪಕಾರವನ್ನು ನಡೆಸಿಕೊಟ್ಟರು. ಅಷ್ಟರಲ್ಲಿ ಯುದ್ಧ ಮುಗಿಯಿತು, ಪೆಟ್ರೋಲು ಬಂತು, ಸಾಹುಕಾರರ ಹೊಸ ಬಸ್ಸೂ ಬಂತು. ಅದಕ್ಕೆ ಯಾರ ಕೈಯೂ ಬೇಕಿರಲಿಲ್ಲ. ಗುರ್ರೆಂದು ಏರು ಹತ್ತಿ, ಕೈ ಅಡ್ಡ ಹಿಡಿದು ನಿಂತವರ ಮುಖಕ್ಕೆ ಧೂಳೆರಚಿ ಹೋಗುತ್ತಿತ್ತು. ಏರಿನಲ್ಲಿ ನಿಲ್ಲಿಸಿದರೆ ಎಂಜಿನ್ನಿಗೆ ಕೇಡು ಎಂದು ಡ್ರೈವರ ಸಬೂಬು. ಕುಂಬಾರರು ಹತ್ತಿದರೆ ಸೀಟೆಲ್ಲ ಮಣ್ಣು ಎಂದು ಪೇಟೆಯವರು ಗೊಣಗುತ್ತಾರೆಂಬುದು ನಿಜವಾದ ಕಾರಣ. ನೂಕುವಾಗ ಆ ಮಣ್ಣಿನ ಕೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ!

ಆ ಬೇಸಿಗೆಯಲ್ಲಿ ಕೆಂಚಯ್ಯನ ಗಾಯ ಕೀವುಗಟ್ಟಿ ಜ್ವರ ಏರಿತು. ಪಾಲಕ್ಕ ಅವನನ್ನು ದಿಣ್ಣೆಯ ಮೇಲೆ ಕೂರಿಸಿಕೊಂಡು ಕಾದಳು. ಬಸ್ಸು ಬಂದಾಗ ಅವಳು ಕೂಗಿದಳು, ಕೈಮುಗಿದಳು, ಪಕ್ಕದಲ್ಲೇ ಓಡಿದಳು. ಕಂಡಕ್ಟರು ತಲೆ ಹೊರಗೆ ಹಾಕಿ, "ಗಾಡಿ ಕಟ್ಕೊಂಡು ಬಾರಮ್ಮ, ಇದೇನು ನಿಮ್ಮಪ್ಪನ ಮನೇದಾ?" ಎಂದ. ಅದರೊಳಗೆ ಮುಂದಿನ ಸೀಟಿನಲ್ಲಿ ಕುಳಿತಿದ್ದ ಸಾಹುಕಾರರು ಅವಳನ್ನು ನೋಡಿ ಮುಖ ತಿರುಗಿಸಿದ್ದನ್ನು ಪಾಲಕ್ಕ ಕಂಡಳು. ಮೈದುನ ದುರುಗ ಎತ್ತಿನ ಗಾಡಿ ಹೊಂದಿಸಿ ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ನಂಜು ಮೇಲಕ್ಕೇರಿತ್ತು. ಡಾಕ್ಟರು ಜೀವ ಉಳಿಸಿದರು, ಕಾಲು ಉಳಿಸಲಾಗಲಿಲ್ಲ.

ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ಪಾಲಕ್ಕ ಊರಿಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಅಳಲಿಲ್ಲವಂತೆ. ಮನೆಯ ಹಿಂದೆ, ಯುಗಾದಿ ಸಂತೆಗೆಂದು ಸುಟ್ಟಿಟ್ಟ ಆವಿಗೆಯ ಮಡಕೆಗಳಿದ್ದವು. ಅವುಗಳಲ್ಲಿ ಅರ್ಧದಷ್ಟು, ಕೆಂಚಯ್ಯ ಕುಂಟುಗಾಲಲ್ಲೇ ತಿಗರಿ ತಿರುಗಿಸಿ ಮಾಡಿದವು. ಅವಳು ಅವನ್ನು ಬುಟ್ಟಿಗೆ ತುಂಬಿ ದಿಣ್ಣೆಗೆ ಹೊತ್ತಳು. ಏರಿನ ನಟ್ಟನಡುವೆ ನಿಂತು ಮೊದಲ ಮಡಕೆಯನ್ನು ತಲೆಯ ಮೇಲಕ್ಕೆತ್ತಿ ರಸ್ತೆಗೆ ಅಪ್ಪಳಿಸಿದಳು. ಆಮೇಲೆ ಇನ್ನೊಂದು, ಮತ್ತೊಂದು. ದುರುಗ ಓಡಿಬಂದು ಬುಟ್ಟಿ ಹಿಡಿದುಕೊಂಡ.

"ಅತ್ತಿಗೆ, ವರ್ಷದ ಕೂಳು ಇದು! ಏನು ಮಾಡ್ತಿದ್ದೀಯ?"

"ಕಾಲೇ ಹೋಯ್ತು, ಕೂಳೂ ಹೋಗ್ಲಿ ಬಿಡು. ಈ ದಾರಿ ಅವರಪ್ಪನ ಮನೇದಾ? ಅದನ್ನ ಕೇಳ್ತೀನಿ ಇವತ್ತು."

ದುರುಗ ಬುಟ್ಟಿ ಬಿಟ್ಟ. ಬಳಿಕ ತನ್ನ ಮನೆಗೆ ಹೋಗಿ ತನ್ನ ಮಡಕೆಗಳನ್ನೂ ಹೊತ್ತು ತಂದ. ಅವನ ಹಿಂದೆ ಊರ ಹೆಂಗಸರು ಗುಡಾಣ, ಹರವಿ, ಕುಡಿಕೆ ಎನ್ನದೆ ತಂದು ಸುರಿದರು. ಏರಿಗೆ ಏರೇ ಕೆಂಪು ಚೂರುಗಳಿಂದ ತುಂಬಿ, ಕಾಲಿಡಲು ತಾವಿಲ್ಲದಂತಾಯಿತು ಎನ್ನುತ್ತಾರೆ.

ಬಸ್ಸು ಬಂತು. ಡ್ರೈವರು ಇದೇನು ಮಹಾ ಎಂದು ನುಗ್ಗಿಸಿದ. ಅರ್ಧ ಏರಿನಲ್ಲಿ ಟೈರು ಸಿಡಿದು ನಿಂತಿತು. ಇಳಿಜಾರಿನಲ್ಲಿ ಟೈರು ಬಿಚ್ಚುವಂತಿಲ್ಲ, ಮೇಲಿನ ಸಮತಟ್ಟಿಗೆ ನೂಕಲೇಬೇಕು. ಸಾಹುಕಾರರು ಬಾಗಿಲಲ್ಲಿ ನಿಂತು, ಹಳೆಯ ರೂಢಿಯಂತೆ, "ಬನ್ರೋ, ಒಂದು ಕೈ ಹಾಕಿ" ಎಂದು ಕರೆದರು. ಒಬ್ಬರೂ ಅಲುಗಲಿಲ್ಲ. ಮಡಕೆಯ ಬೆಲೆಯನ್ನೆಲ್ಲ ಕೊಡುತ್ತೇನೆಂದರು. ಪಾಲಕ್ಕ ಮುಂದೆ ಬಂದಳು.

"ಬೆಲೆ ಕಟ್ಟೋಕೆ ಬಂದ್ಯಾ ಸಾಹುಕಾರ? ನನ್ನ ಗಂಡನ ಕಾಲಿಗೂ ಕಟ್ತೀಯಾ? ಇಳಿ. ಇಳಿದು ನೂಕು."

ಅಲ್ಲಿಯವರೆಗೆ ಸಾಹುಕಾರರನ್ನು ಏಕವಚನದಲ್ಲಿ ಕರೆದವರಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು. ಪೊಲೀಸರನ್ನು ಕರೆಸುತ್ತೇನೆ ಎಂದು ಗುಡುಗಿದರು. "ಕರೆಸು, ಅವರೂ ಬಂದು ನೂಕಲಿ" ಎಂದಳು. ಬಿಸಿಲು ನೆತ್ತಿಗೇರಿತು. ಒಳಗಿದ್ದವರು ಬೆಂದು, ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಸಾಹುಕಾರರೂ ಪಂಚೆ ಎತ್ತಿಕಟ್ಟಿ ಬಸ್ಸಿಗೆ ಹೆಗಲು ಕೊಟ್ಟರು. ಬೋಕಿಯ ಮೇಲೆ ಜಾರುತ್ತ, ಬೀಳುತ್ತ, ಅಂಗೈ ಕುಯ್ದುಕೊಂಡು ಪೇಟೆಯ ದೊಡ್ಡವರೆಲ್ಲ ಆ ಬಸ್ಸನ್ನು ತುದಿಗೆ ಮುಟ್ಟಿಸಿದರು. ಊರು ನೋಡುತ್ತ ನಿಂತಿತ್ತು. ಯಾರೂ ನಗಲಿಲ್ಲ.

ಮರುದಿನದಿಂದ ದಿಣ್ಣೆಯ ಮೇಲೆ ಬಸ್ಸು ನಿಲ್ಲತೊಡಗಿತು. ಸಾಹುಕಾರರು ತಾವೇ ಬಂದು ಪಾಲಕ್ಕನನ್ನು ಕರೆದರು: "ಹತ್ತಮ್ಮ, ಜೀವ ಇರೋವರೆಗೂ ನಿನಗೆ ಟಿಕೆಟ್ ಇಲ್ಲ." ಅವಳು ಅವರತ್ತ ನೋಡದೆ ಬುಟ್ಟಿಯನ್ನು ತಲೆಗೇರಿಸಿಕೊಂಡು ನಡೆದುಬಿಟ್ಟಳು. ಸಾಯುವ ತನಕ ಆ ಬಸ್ಸಿನ ಮೆಟ್ಟಿಲು ತುಳಿಯಲಿಲ್ಲ. ಊರೆಲ್ಲ ಹತ್ತಿ ಇಳಿಯುತ್ತಿದ್ದರೂ ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ; ಇಳಿಯಲಿ ಎಂದು ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುತ್ತಾರೆ.

ಸಾಹುಕಾರರ ಬಸ್ಸು ಹೋಗಿ ಕಾಲವಾಯಿತು, ಈಗ ಓಡುವುದು ಸರ್ಕಾರದ್ದು. ಆದರೂ ಈ ಕಡೆಗೆ ಬಂದವರು ಒಂದನ್ನು ಕಂಡು ಬೆಚ್ಚುತ್ತಾರೆ. ಕೆಂಗುಂಟೆಯ ಹೆಂಗಸರು ಬಸ್ಸಿಗೆ ರಸ್ತೆಯ ಬದಿಯಲ್ಲಿ ನಿಂತು ಕಾಯುವುದಿಲ್ಲ, ಕೈಯನ್ನೂ ಅಡ್ಡ ಹಿಡಿಯುವುದಿಲ್ಲ. ಮುದುಕಿಯರಿಂದ ಹಿಡಿದು ಕಾಲೇಜಿಗೆ ಹೋಗುವ ಹುಡುಗಿಯರವರೆಗೆ ಎಲ್ಲರೂ ರಸ್ತೆಯ ನಟ್ಟನಡುವೆ, ಬಸ್ಸಿಗೆ ಎದುರಾಗಿ ನಿಲ್ಲುತ್ತಾರೆ. ಹಾರ್ನಿಗೆ ಸರಿಯುವುದಿಲ್ಲ. ಚಕ್ರ ಪೂರಾ ನಿಂತ ಮೇಲೆಯೇ ಬಾಗಿಲ ಕಡೆಗೆ ನಡೆಯುತ್ತಾರೆ.