ತವರಿಗೆ ಹೋಗುವ ದಾರಿ

ಬನ್ನಿ, ಇನ್ನೂ ಹತ್ತಿರ ಬನ್ನಿ. ಕಾಲು ಚಾಚಿದವರು ಮಡಚಿಕೊಳ್ಳಿ, ಪಕ್ಕದವರಿಗೂ ಜಾಗ ಬೇಕಲ್ಲ. ಇವತ್ತಿನ ಕಥೆಯೂ ಜಾಗದ್ದೇ.

ಒಂದು ರಾಜ್ಯದಲ್ಲಿ ಸೋಮಭೂಪ ಅಂತ ಒಬ್ಬ ರಾಜನಿದ್ದ. ಒಳ್ಳೆಯವನೇ. ಆದರೆ ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಸರಿ ಅನ್ನುವ ಜಾತಿ. ಅವನ ರಾಜಧಾನಿ ಮಿರುಗನಕೋಟೆ. ಅದು ದಿನ ಬೆಳಗಾದರೆ ಬೆಳೆಯುತ್ತಿತ್ತು. ನಿನ್ನೆ ಹೊಲ ಇದ್ದ ಕಡೆ ಇವತ್ತು ಅಂಗಡಿ, ಇವತ್ತು ಕೆರೆ ಇರುವ ಕಡೆ ನಾಳೆ ಮಾಳಿಗೆ.

ಅವನಿಗೊಬ್ಬ ಮಂತ್ರಿ, ಕೇತರಸ. ಬುದ್ಧಿ ಚುರುಕು, ನಾಲಿಗೆ ಬೆಣ್ಣೆ. ಒಂದು ದಿನ ರಾಜನ ಮುಂದೆ ನಿಂತು ಹೇಳಿದ: "ಪ್ರಭು, ಕುಂಬಾರರು ಒಂದೂರಲ್ಲಿ, ಗಾಣಿಗರು ಒಂದೂರಲ್ಲಿ, ನೇಕಾರರು ಇನ್ನೊಂದೂರಲ್ಲಿ ಚದುರಿಕೊಂಡಿದ್ದರೆ ನಾಡು ಮುಂದೆ ಬರೋದು ಹೇಗೆ? ಎಲ್ಲರನ್ನೂ ಇಲ್ಲಿಗೇ ಕರೆಸೋಣ."

ಕೋಟೆಯ ಸುತ್ತಲಿನ ಬಯಲೆಲ್ಲ ತನ್ನದೇ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ರಾಜಧಾನಿ ಉಬ್ಬಿದಷ್ಟೂ ಅವನ ಬಯಲಿಗೆ ಬೆಲೆ.

ರಾಜ ಹೂಂ ಅಂದ. ಕುಂಬಾರರು ಬಂದರು. ಗಾಣಿಗರು ಬಂದರು. ನೇಕಾರರು ಬಂದರು. ಸುಳ್ಳು ಹೇಳಬಾರದು, ಬಂದವರಿಗೆ ಕೈತುಂಬ ಕೆಲಸ ಸಿಕ್ಕಿತು. ಆದರೆ ಅವರು ಬಿಟ್ಟುಬಂದ ಊರುಗಳಲ್ಲಿ ಬೀಗ ಜೋತಾಡಿದವು. ಸಂತೆ ನಿಂತವು. ದೀಪ ಹಚ್ಚುವವರಿಲ್ಲದೆ ಸಂಜೆಗಳು ಸುಮ್ಮನೆ ಕತ್ತಲಾಗುತ್ತಿದ್ದವು.

ಈಗ ರಾಣಿಯ ವಿಷಯಕ್ಕೆ ಬರೋಣ. ಅವಳ ಹೆಸರು ಕೆಂಚಾಂಬೆ. ಹಾಲುಗೊಂದಿ ಎಂಬ ಊರಿನ ಕಂಬಳಿ ನೇಯುವವರ ಮಗಳು. ಬೇಟೆಗೆ ಹೋದ ರಾಜ ಒಮ್ಮೆ ಮಳೆಯಲ್ಲಿ ನೆನೆದು ಅವರ ಜಗಲಿ ಹತ್ತಿದ್ದ. ಅವಳು ಒಂದು ಕಂಬಳಿ ಹೊದಿಸಿದಳು. ಆ ಬಿಸುಪನ್ನು ರಾಜ ಮರೆಯಲಾರದೆ ಹೋದ, ಮದುವೆಯೇ ಆಗಿಬಿಟ್ಟ.

ರಾಣಿ ಈಗ ಬಸುರಿ. ಏಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಅಂತ ನಿಮಗೆಲ್ಲ ಗೊತ್ತಲ್ಲ? ಅರಮನೆಯಾದರೂ ಅಷ್ಟೇ, ಗುಡಿಸಲಾದರೂ ಅಷ್ಟೇ.

"ನನ್ನನ್ನ ಹಾಲುಗೊಂದಿಗೆ ಕಳಿಸಿಕೊಡಿ," ಅಂದಳು ರಾಣಿ.

ರಾಜ ಹೂಂ ಅನ್ನುವಷ್ಟರಲ್ಲಿ ಕೇತರಸ ನಡುವೆ ಬಾಯಿ ಹಾಕಿದ. ಆಗಲೇ ಅರ್ಧ ಬರಿದಾಗಿದ್ದ ಹಾಲುಗೊಂದಿಯನ್ನೂ ಪೂರ್ತಿ ಖಾಲಿ ಮಾಡಿಸುವ ಹುನ್ನಾರದಲ್ಲಿದ್ದ ಅವನು. ರಾಣಿ ಅಲ್ಲಿಗೆ ಹೋದರೆ ಆ ಊರು ಉಳಿದುಬಿಡುತ್ತದಲ್ಲ!

"ತಾಯಿ, ನೀವ್ಯಾಕೆ ಬಂಡಿಯಲ್ಲಿ ಕುಲುಕಾಡಬೇಕು? ತವರನ್ನೇ ಇಲ್ಲಿಗೆ ತರಿಸ್ತೀನಿ."

ರಾಜನಿಗೆ ಅದೂ ಸರಿ ಅನ್ನಿಸಿತು. ಕೊನೆಗೆ ಮಾತಾಡಿದವನು ಮಂತ್ರಿ ತಾನೇ.

ನಿಜವಾಗಿಯೂ ತರಿಸಿದ. ಹಾಲುಗೊಂದಿಯ ಮನೆಗಳಂತೆಯೇ ಒಂದು ಬೀದಿ ಕಟ್ಟಿಸಿ 'ತವರುಬೀದಿ' ಅಂತ ಹೆಸರಿಟ್ಟ. ರಾಣಿಯ ತಾಯಿ ಸಣ್ಣೀರವ್ವನನ್ನು ಒಲೆಗುಂಡು, ಒರಳು, ಮಗ್ಗದ ಸಮೇತ ಕರೆತಂದ. ಸಣ್ಣೀರವ್ವ ಒಳಗೆ ಹೋಗಿ ನೋಡಿದಳು. ಅದೇ ನಡುಮನೆ, ಅದೇ ಗೂಡು, ಅದೇ ಹೊಸಿಲು. ಹಿತ್ತಿಲ ಬಾಗಿಲು ತೆರೆದಳು. ಎದುರಿಗೆ ಯಾರದೋ ಗೋಡೆ.

"ಮಗಾ, ಕುರಿ ಎಲ್ಲಿ ಕಟ್ಟಲಿ?" ಅಂದಳು.

ರಾಣಿಗೆ ಅಳು ಬಂತು. ಒಂಬತ್ತು ತುಂಬಿದ ಮೇಲೆ ಬಂಡಿ ಹತ್ತುವಂತಿಲ್ಲ. ಅಷ್ಟರೊಳಗೆ ಹೊರಡದಿದ್ದರೆ ಹಾಲುಗೊಂದಿಗೆ ಬೀಗವೇ ಗತಿ. ತನ್ನ ಮಗುವಿಗೆ ಅಜ್ಜಿಯ ಊರು ಅಂತಲೇ ಒಂದು ಇರುವುದಿಲ್ಲ. ಅತ್ತು ಮುಗಿಸಿ ಮುಖ ತೊಳೆದುಕೊಂಡಳು, ನೇರ ಸಭೆಗೆ ಬಂದಳು.

"ಮಂತ್ರಿಗಳೇ, ನನಗೆ ಮೂರು ಬಯಕೆ. ತವರಲ್ಲಿ ಸಿಗೋದು. ಮೂರನ್ನೂ ಇಲ್ಲೇ ತೀರಿಸಿದರೆ ನಾನು ಹೋಗಲ್ಲ. ತೀರಿಸದಿದ್ದರೆ ನಾನು ತವರಿಗೆ ಹೊರಟೆ. ನೀವೂ ನನ್ನ ಹಿಂದೆ ಬಂದು, ಆ ಊರಿನ ಮನೆಮನೆಯಲ್ಲೂ ದೀಪ ಹತ್ತೋವರೆಗೆ ಅಲ್ಲೇ ಇರಬೇಕು."

ಬಸುರಿಯ ಬಯಕೆ ಅಂದರೆ ಏನು ಮಹಾ, ಹುಣಸೆಕಾಯಿಯೋ ಮಾವಿನಕಾಯಿಯೋ ಅಂದುಕೊಂಡ ಕೇತರಸ. "ಆಗಲಿ ತಾಯಿ," ಅಂದ. ರಾಜನೂ ಸಾಕ್ಷಿಯಾದ.

ಮೊದಲನೆಯ ಬಯಕೆ ಹೇಳಿದಳು: "ಹಾಲುಗೊಂದಿಯ ಮಣ್ಣಿಗೆ ಮಳೆ ಬಿದ್ದಾಗ ಏಳೋ ವಾಸನೆ ಬೇಕು."

ಕೇತರಸ ಬಂಡಿಗಟ್ಟಲೆ ಕೆಮ್ಮಣ್ಣು ತರಿಸಿ ತವರುಬೀದಿಯ ಕಲ್ಲುಹಾಸಿನ ಮೇಲೆ ಹರಡಿಸಿದ, ನೀರು ಚಿಮುಕಿಸಿದ. ವಾಸನೆ ಬಂತು. ರಾಣಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಅಂಗಡಿ ಬೀದಿಯ ಬಂಡಿಗಳು ಅದರ ಮೇಲೆ ಹಾದುಹೋದವು. ಮಣ್ಣೆಲ್ಲ ಕೆಸರಾಗಿ ಲದ್ದಿ ನಾರತೊಡಗಿತು.

"ಬಂದಿತ್ತಲ್ಲ ತಾಯಿ?" ಅಂದ ಮಂತ್ರಿ.

"ಬಂದಿತ್ತು. ನಿಲ್ಲಲಿಲ್ಲ. ಹೋಗಲಿ ಬಿಡಿ."

ಎರಡನೆಯ ಬಯಕೆ: "ನಮ್ಮೂರಲ್ಲಿ ಬಸುರಿಗೆ ಕೇರಿಯ ಒಂದೊಂದು ಮನೆಯವರೂ ಬುತ್ತಿ ತರ್ತಾರೆ. ಆ ಬುತ್ತಿ ಉಣ್ಣಬೇಕು."

ಹಾಲುಗೊಂದಿಯಿಂದ ಮೊದಲೇ ಬಂದಿದ್ದ ಹೆಂಗಸರು ರಾಜಧಾನಿಯ ಮೂಲೆಮೂಲೆಯಲ್ಲಿ ಇದ್ದರು. ಮಂತ್ರಿ ಹೇಳಿಕಳಿಸಿದ. ಎಲ್ಲರೂ ಬಂದರು. ಎಳ್ಳುಹೋಳಿಗೆ, ಬುತ್ತಿಯನ್ನ, ಗುರೆಳ್ಳು ಚಟ್ನಿ ಎಲ್ಲ ಬಂತು. ರಾಣಿ ಚಾಪೆ ಹಾಸಿದಳು. ಯಾರೂ ಕೂರಲಿಲ್ಲ.

"ಕೂತ್ಕೊಳ್ಳೆ ಗಿಡ್ಡವ್ವ," ಅಂತ ಗೆಳತಿಯ ಸೆರಗು ಹಿಡಿದಳು.

"ಇಲ್ಲ ಕಣೆ ಕೆಂಚಿ, ಮಗ್ಗದ ಮನೇಲಿ ಗಂಟೆ ಹೊಡೀತಾರೆ. ನಡೆದು ಹೋಗೋದೇ ಅರ್ಧ ಹಗಲು," ಅಂತ ಅವಳ ಕೆನ್ನೆ ಸವರಿ ಗಿಡ್ಡವ್ವ ಓಡಿದಳು. ಬುತ್ತಿಗಳ ನಡುವೆ ತಾಯಿ ಮಗಳು ಇಬ್ಬರೇ ಕೂತರು. ರಾಣಿಗೆ ತುತ್ತು ಇಳಿಯಲಿಲ್ಲ.

"ಬುತ್ತಿ ಬಂತಲ್ಲ ತಾಯಿ?" ಅಂದ ಮಂತ್ರಿ.

"ಬಂತು. ಉಣ್ಣೋಕೆ ಜೊತೆ ಬರಲಿಲ್ಲ. ಹೋಗಲಿ ಬಿಡಿ."

ಈಗ ಮೂರನೆಯದು. ಕಿವಿಗೊಟ್ಟು ಕೇಳಿ. "ತವರಿಗೆ ಹೋಗೋ ದಾರಿ ಬೇಕು. ಬೆಳಗ್ಗೆ ಹೊರಟು, ನಡುವೆ ಇನ್ನೊಂದು ಊರಲ್ಲಿ ಮಜ್ಜಿಗೆ ಕುಡಿದು, ಸಂಜೆಗೆ ಅವ್ವನ ಮನೆ ಮುಂದೆ ಇಳೀಬೇಕು."

ಕೇತರಸ ತಲೆ ಕೆರೆದುಕೊಂಡ. ಅರಮನೆಗೂ ತವರುಬೀದಿಗೂ ಕೂಗಳತೆ ದೂರ. ಆದರೂ ಅವನು ಸುಮ್ಮನೆ ಮಂತ್ರಿಯಾದವನಲ್ಲ. ಕೋಟೆಯ ಸುತ್ತ ಒಂದು ದುಂಡನೆಯ ದಾರಿ ಮಾಡಿಸಿದ. ಬಂಡಿಗೆ ನಾಲ್ಕೂ ಕಡೆ ಪರದೆ ಕಟ್ಟಿಸಿದ. ದಾರಿಯಲ್ಲಿ ಒಬ್ಬ ಹೆಂಗಸಿನ ಕೈಗೆ ಮಜ್ಜಿಗೆ ಗಡಿಗೆ ಕೊಟ್ಟು ನಿಲ್ಲಿಸಿದ. ಮೂರು ಸುತ್ತು ಹೊಡೆಸಿದರೆ ಸಂಜೆಯಾಗುತ್ತದೆ, ಆಮೇಲೆ ತವರುಬೀದಿಯಲ್ಲಿ ಇಳಿಸಿದರಾಯಿತು. ಹೇಗಿದೆ ಬುದ್ಧಿ?

ರಾಣಿ ಎರಡೇ ಮಾತು ಹೇಳಿದಳು. "ಬಂಡಿಯಲ್ಲಿ ನನ್ನ ಗಂಡ ಜೊತೆಗೆ ಬರಬೇಕು. ಬಂಡಿಯ ಎತ್ತನ್ನ ನಾನೇ ಆರಿಸಬೇಕು."

ಕೊಬ್ಬಿದ ಎತ್ತುಗಳನ್ನೆಲ್ಲ ಬಿಟ್ಟು ಕೆಂದ ಎಂಬ ಬಡಕಲು ಎತ್ತನ್ನು ಆರಿಸಿದಳು. ಮಂತ್ರಿ ಒಳಗೊಳಗೇ ನಕ್ಕ. ಆ ಕಾಲದಲ್ಲಿ ಎತ್ತುಗಳಿಗೂ ಮಾತು ಬರುತ್ತಿತ್ತು. ಆದರೆ ಬೇಕಾದಾಗ ಮಾತ್ರ ಆಡುತ್ತಿದ್ದವು, ನಮ್ಮ ಹಾಗಲ್ಲ.

ಬಂಡಿ ಹೊರಟಿತು. ಸುತ್ತುದಾರಿಯ ಗುಟ್ಟು ರಾಜನಿಗೆ ಯಾರೂ ಹೇಳಿರಲಿಲ್ಲ, ಹಾಲುಗೊಂದಿಗೇ ಹೊರಟಿದ್ದೇವೆ ಅಂದುಕೊಂಡಿದ್ದ. ಮೊದಲ ಸುತ್ತಿನಲ್ಲಿ ಪರದೆಯೊಳಗೆ ಒಂದು ಕೈ ಬಂತು, ಮಜ್ಜಿಗೆ ಕೊಟ್ಟಿತು. "ಆಹಾ, ಈ ಊರಿನ ಮಜ್ಜಿಗೆ ಚೆನ್ನಾಗಿದೆ. ಉಪ್ಪೊಂದು ಜಾಸ್ತಿ," ಅಂದ ರಾಜ.

ಎರಡನೆಯ ಸುತ್ತಿನಲ್ಲಿ ಮತ್ತೆ ಕೈ ಬಂತು, ಮಜ್ಜಿಗೆ ಬಂತು. "ಅರೆ, ಈ ಊರಲ್ಲೂ ಉಪ್ಪು ಜಾಸ್ತಿ!" ಅಂದ ರಾಜ. ರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೂರನೆಯ ಸುತ್ತಿನಲ್ಲಿ ಬಂಡಿ ನಿಂತಿತು. ಮುಂದೆ ಬಂಡಿ, ಹಿಂದೆ ಬಂಡಿ, ಪಕ್ಕದಲ್ಲಿ ಬಂಡಿ. ಬಿಸಿಲು, ಧೂಳು, ಬೈಗುಳ. ರಾಣಿಯ ಸೊಂಟ ಹಿಡಿಯಿತು. ಅವಳ ಮುಖ ನೋಡಿ ರಾಜ ಗಾಬರಿಯಾದ.

"ಏಯ್ ಕೆಂದ, ಹೇಗಾದರೂ ಮಾಡಿ ನಡಿಯಪ್ಪ! ಹಾಲುಗೊಂದಿ ಇನ್ನೆಷ್ಟು ದೂರ?"

ಕೆಂದ ಕತ್ತು ತಿರುಗಿಸಿತು. "ಒಡೆಯಾ, ನಾನು ಗಾಣಿಗರ ಊರಲ್ಲಿ ಗಾಣ ಸುತ್ತಿದ ಎತ್ತು. ನೇರ ನಡೆಯೋದು ಯಾವುದು, ಸುತ್ತೋದು ಯಾವುದು ಅಂತ ನನ್ನ ಕಾಲಿಗೆ ಗೊತ್ತು. ಬೆಳಗ್ಗೆಯಿಂದ ನಿಮ್ಮನ್ನ ಗಾಣಕ್ಕೆ ಕಟ್ಟಿದ್ದಾರೆ."

ರಾಜ ಪರದೆ ಕಿತ್ತೆಸೆದ. ಎದುರಿಗೇ ಅವನ ಅರಮನೆ! ಪಕ್ಕದಲ್ಲಿ ಅದೇ ಮಜ್ಜಿಗೆಯವಳು ಮೂರನೆಯ ಲೋಟ ಹಿಡಿದು ನಿಂತಿದ್ದಳು.

ರಾಣಿ ಗಂಡನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ನಿಮ್ಮ ರಾಜಧಾನಿ ಬೆಳೆಯಲಿ, ನನಗೇನು ಹೊಟ್ಟೆಕಿಚ್ಚಾ? ಆದರೆ ಎಲ್ಲ ಊರನ್ನೂ ಇಲ್ಲಿಗೇ ತಂದರೆ, ಇಲ್ಲಿಂದ ಹೋಗೋದು ಎಲ್ಲಿಗೆ? ಊರುಗಳಿಲ್ಲದ ಮೇಲೆ ದಾರಿ ಹೀಗೇ ಸುತ್ತುತ್ತೆ."

ಈ ಸಲ ಕೊನೆಗೆ ಮಾತಾಡಿದವಳು ರಾಣಿ. ಆಮೇಲೆ ಕೇತರಸ ಎಷ್ಟು ಬಡಬಡಿಸಿದರೂ ರಾಜ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬಳಿಯ ದೊಡ್ಡ ಉಗ್ರಾಣ ಹಾಲುಗೊಂದಿಗೆ ಹೋಗಲಿ, ಎಣ್ಣೆಯ ವ್ಯಾಪಾರ ಗಾಣಿಗರ ಊರಿಗೆ ಹೋಗಲಿ, ಮಡಕೆಯ ಸಂತೆ ಕುಂಬಾರರ ಊರಲ್ಲೇ ಕೂಡಲಿ ಅಂದ. ಇರುವವರು ಇರಲಿ, ಹೋಗುವವರು ಹೋಗಲಿ, ಕೆಲಸ ಮಾತ್ರ ಎಲ್ಲ ಕಡೆಯೂ ಇರಲಿ ಅಂತ ಡಂಗುರ ಸಾರಿಸಿದ.

ಮಾರನೆಯ ಬೆಳಗ್ಗೆ ರಾಣಿ ಹೊರಟಳು. ಕೆಂದನೇ ಬಂಡಿ ಎಳೆಯಿತು, ನೆಟ್ಟಗೆ. ಹಿಂದೆ ಸಣ್ಣೀರವ್ವ, ಅವಳ ಹಿಂದೆ ಗಿಡ್ಡವ್ವ, ಎಲ್ಲರ ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಕೇತರಸ.

ಕೊಟ್ಟ ಮಾತಿನಂತೆ ಅವನು ಹಾಲುಗೊಂದಿಯಲ್ಲಿ ಉಳಿದ. ಬಾವಿ ತೋಡಿಸಿದ, ಸೂಲಗಿತ್ತಿಯನ್ನು ಕರೆಸಿದ, ಉಗ್ರಾಣ ಕಟ್ಟಿಸಿದ. ಒಂದೊಂದೇ ಮನೆಯ ಬೀಗ ತೆರೆಯಿತು. ಕೊನೆಯ ಮನೆಗೆ ದೀಪ ಹತ್ತಿದ ಸಂಜೆಯೇ ರಾಣಿ ಹೆಣ್ಣುಮಗುವನ್ನು ಹೆತ್ತಳು. ಕೇರಿಯ ಹೆಂಗಸರೆಲ್ಲ ಬಂದರು, ಬಂದವರೆಲ್ಲ ಕೂತರು. ಹೊರಗೆ ಮಳೆ ಹನಿಯಿತು, ಮಣ್ಣು ಘಮ್ಮೆಂದಿತು.

ರಾಜ ಮಗುವನ್ನು ನೋಡಲು ಓಡಿಬಂದ. ಜಗಲಿಯಲ್ಲಿ ಕೂತಿದ್ದ ಮಂತ್ರಿಗೆ, "ನಿನ್ನ ಮಾತು ಮುಗೀತು ಕೇತರಸ, ಇನ್ನು ರಾಜಧಾನಿಗೆ ಬಾ," ಅಂದ.

ಕೇತರಸ ಏಳಲಿಲ್ಲ. ಒಳಗೆ ಸಣ್ಣೀರವ್ವ ಮೊಮ್ಮಗಳಿಗೆ ಜೋಗುಳ ಹಾಡುವುದು ಕೇಳುತ್ತಿತ್ತು.

"ಪ್ರಭು, ನಮ್ಮವ್ವನ ಊರು ಕೊಡಗಲ್ಲು ಅಂತ. ನಾನು ಹುಟ್ಟಿದ್ದೂ ಅಲ್ಲೇ. ಎಲ್ಲಕ್ಕಿಂತ ಮೊದಲು ಖಾಲಿಯಾಗಿದ್ದೂ ಅದೇ. ನಾನೇ ಮಾಡಿಸಿದ್ದು. ಅಪ್ಪಣೆಯಾದರೆ ಮೊದಲು ಅಲ್ಲಿಗೆ ಹೋಗಿ ಒಂದು ದೀಪ ಹಚ್ಚಿ ಬರ್ತೀನಿ."

ರಾಜ ಆಗಲಿ ಅಂತ ತಲೆಯಾಡಿಸಿದ. ಒಳಗಿನಿಂದ ಕೇಳಿಸಿಕೊಂಡ ಸಣ್ಣೀರವ್ವ ಎದ್ದುಬಂದು ಅವನ ಕೈಗೊಂದು ಬುತ್ತಿಗಂಟು ಕೊಟ್ಟಳು. "ದಾರಿ ದೂರ ಇದೆ ಮಗಾ, ಹಸಿದಾಗ ಉಣ್ಣು," ಅಂದಳು.

ಅಷ್ಟೇ ಮಕ್ಕಳೇ. ಒಂದು ಊರು ಉಬ್ಬಿ ಉಳಿದ ಊರುಗಳು ಬತ್ತಿದರೆ ಅದನ್ನು ನಾಡು ಬೆಳೆಯಿತು ಅನ್ನಬಾರದು. ಹೊರಟವರಿಗೆ ಕೆಲಸ ಸಿಗಬೇಕು, ಮರಳುವವರಿಗೆ ದೀಪ ಕಾಣಬೇಕು. ನೀತಿ ಇದೇ. ಈಗ ಎದ್ದೇಳಿ, ನಿಮ್ಮ ನಿಮ್ಮ ಅವ್ವಂದಿರು ಬಾಗಿಲಲ್ಲಿ ಕಾಯುತ್ತಿರುತ್ತಾರೆ.