ಐರಿಸ್ ಗಿಡಕ್ಕೆ ಕಾವಲು ಕೂತ ಗೊದ್ದ

ಕಾಡಿನ ಅಂಚಿನ ಕೊಳದ ದಡದಲ್ಲಿ ಆಮೆಯಜ್ಜಿ ನೀಲಿ ಹೂ ಬಿಡುವ ಒಂದು ಐರಿಸ್ ಗಿಡ ನೆಟ್ಟಿದ್ದಳು. ಮೂರು ವರ್ಷ ಕಾದ ಮೇಲೆ ಉದ್ದನೆಯ ದಂಟಿನ ತುದಿಯಲ್ಲಿ ಮೊದಲ ಮೊಗ್ಗು ಮೂಡಿತ್ತು. ಪಾಪ, ಕತ್ತು ಎಷ್ಟು ಚಾಚಿದರೂ ಅಜ್ಜಿಗೆ ಅದು ಕಾಣುತ್ತಿರಲಿಲ್ಲ.

ಆ ದಂಟಿನ ಮೇಲೆ ಒಂದು ಗೊದ್ದ, ಅದೇ ದಪ್ಪ ಕರಿ ಇರುವೆ, ತನ್ನ ಬಳಗದೊಂದಿಗೆ ಹತ್ತಿ ಇಳಿಯುತ್ತಿತ್ತು.

"ಚಿಂತೆ ಬಿಡಿ ಅಜ್ಜಿ, ಮೇಲೆ ನಾವು ಕಾವಲಿರ್ತೀವಿ" ಅಂದಿತು.

"ನಿಮ್ಮಂಥ ನೆರೆಯವರು ಸಿಗೋದೇ ಪುಣ್ಯ ಕಣಪ್ಪ!"

ಮರುದಿನವೇ ಗೊದ್ದ ಓಡಿ ಬಂತು. "ಅಜ್ಜಿ, ಗುಲಗಂಜಿ ಹುಳದ ಮಕ್ಕಳು ಮೊಗ್ಗಿನ ಹತ್ತಿರ ಸೇರಿಕೊಂಡಿವೆ! ಕರಿ ಮೈ, ಮೈತುಂಬ ಮುಳ್ಳು. ಥೂ, ನೋಡೋಕಾಗಲ್ಲ! ಮೊಗ್ಗು ತಿಂದೇಬಿಡ್ತಾವೆ!"

ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಗಳ ತಾಯಿ ಗುಲಗಂಜಮ್ಮ ಗಾಬರಿಯಿಂದ ಹಾರಿ ಬಂದಳು. "ಅಜ್ಜಿ, ನನ್ನ ಮಕ್ಕಳು ಗಿಡ ಮುಟ್ಟೋದಿಲ್ಲ. ಅವು ತಿನ್ನೋದು..."

ಮಾತು ಮುಗಿಸಲು ಅಜ್ಜಿ ಬಿಡಲೇ ಇಲ್ಲ. ಚಿಪ್ಪಿನಿಂದ ದಂಟಿಗೆ ಗುದ್ದಿ ಗುದ್ದಿ ಮರಿಗಳನ್ನೆಲ್ಲ ಉದುರಿಸಿದಳು. ಗುಲಗಂಜಮ್ಮ ಅಳುತ್ತ ಮಕ್ಕಳನ್ನು ಪಕ್ಕದ ಎಕ್ಕದ ಗಿಡಕ್ಕೆ ಕರೆದೊಯ್ದಳು. ಹೇಳುವಾಗಲೇ ನನಗೆ ಮೈ ಉರಿಯುತ್ತದೆ, ಮಕ್ಕಳೇ. ಒಂದು ಮಾತು ಪೂರ್ತಿ ಕೇಳಿದ್ದರೆ ಅಜ್ಜಿಯ ಗಂಟೇನು ಹೋಗುತ್ತಿತ್ತು?

ಎಂಟು ದಿನ ಕಳೆಯಿತು. ದಂಟು ಸೊರಗಿ ಬಾಗಿ, ಮೊಗ್ಗು ಅಜ್ಜಿಯ ಮೂಗಿನ ಮುಂದೆಯೇ ಬಂತು. ಅದರ ಸುತ್ತ ಹಸಿರು ಗಿಡಹೇನುಗಳು ಒತ್ತಾಗಿ ಕೂತು ರಸ ಹೀರುತ್ತಿದ್ದವು. ಗೊದ್ದಗಳು ಆ ಹೇನುಗಳ ಬೆನ್ನು ಸವರಿ, ಅವು ಬಿಡುವ ಸಿಹಿ ಹನಿ ಕುಡಿಯುತ್ತಿದ್ದವು. ಅಜ್ಜಿ ಮುಟ್ಟಿದ ಕೂಡಲೇ ಮೊಗ್ಗು ಅರಳದೆಯೇ ಉದುರಿತು.

"ಎಲಾ ದ್ರೋಹಿ! ಇದೇನಾ ನೀನು ಕಾದದ್ದು?"

ಗೊದ್ದ ಮೀಸೆ ಒರೆಸಿಕೊಂಡಿತು. "ಕಾವಲಿರ್ತೀವಿ ಅಂದೆವು, ಇದ್ದೆವು. ಯಾರಿಗೆ ಅಂತ ನೀವು ಕೇಳಲಿಲ್ಲವಲ್ಲ!"

ಅಜ್ಜಿ ಎಕ್ಕದ ಗಿಡದ ಹತ್ತಿರ ಹೋದಳು. ಅಲ್ಲಿ ಹುಡುಕಿದರೂ ಒಂದು ಹೇನಿರಲಿಲ್ಲ; ಎಲ್ಲವನ್ನೂ ಆ ಮರಿಗಳು ತಿಂದು ಮುಗಿಸಿದ್ದವು.

"ತಪ್ಪಾಯ್ತಮ್ಮ. ಇನ್ನೊಂದು ದಂಟು ಮೂಡ್ತಿದೆ, ಮಕ್ಕಳನ್ನ ಕಳಿಸು."

"ಅವತ್ತು ಅವರ ಮುಳ್ಳು ನೋಡಿದಿರಿ, ಊಟ ಏನು ಅಂತ ನೋಡಲಿಲ್ಲ. ಆ ಗೊದ್ದಗಳು ಇರೋ ತನಕ ನನ್ನ ಮಕ್ಕಳು ಅಲ್ಲಿಗೆ ಕಾಲಿಡೋದಿಲ್ಲ!"

ಅಜ್ಜಿ ಈ ಸಲ ಗುದ್ದಿ ಉದುರಿಸಿದ್ದು ಗೊದ್ದಗಳನ್ನು. ಆಮೇಲೆ ದಿನವಿಡೀ ಮಣ್ಣು ಕೆರೆದು ಗಿಡದ ಸುತ್ತ ಕಾಲುವೆ ತೋಡಿ, ಕೊಳದ ನೀರು ಹರಿಸಿದಳು. ನೀರು ದಾಟಲಾಗದೆ ಗೊದ್ದಗಳು ದಡದಲ್ಲೇ ಉಳಿದವು. ಗುಲಗಂಜಮ್ಮ ಮಕ್ಕಳನ್ನು ಅಜ್ಜಿಯ ಚಿಪ್ಪಿನ ಮೇಲೆ ಕೂರಿಸಿ ನೀರು ದಾಟಿಸಿದಳು; ಅವು ಗಿಡದ ಹೇನುಗಳನ್ನೆಲ್ಲ ತಿಂದು ಮುಗಿಸಿದವು.

ಕೆಲವು ದಿನಗಳ ಮೇಲೆ ಹೂವು ಅರಳಿತು. ಅಜ್ಜಿ ಕತ್ತು ಚಾಚಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಕಾಲುವೆಯ ನೀರಿನಲ್ಲೇ ಆ ನೀಲಿ ಹೂವನ್ನು ಕಣ್ಣಾರೆ ಕಂಡಳು.

ನೀತಿ: ಯಾರ ಮೇಲಾದರೂ ದೂರು ಬಂದರೆ, ದೂರು ತಂದವನ ಹೊಟ್ಟೆ ಯಾತರಿಂದ ತುಂಬುತ್ತಿದೆ ಎಂದು ಮೊದಲು ನೋಡಿ.